ಕ್ರಮಸಂಖ್ಯೆ ನಾನೂರ ಹನ್ನೆರಡು

ಕೆಂಭಾವಿ,
ನವೆಂಬರ್ 16, ಭಾನುವಾರ

ಪ್ರೀತಿಯ ದಾನೇಶ್ವರಿ,

ಆರೋಗ್ಯದಿಂದ ಇದ್ದೀಯಾ ತಾಯಿ? ಸೊಂಟ ನೋಯುತ್ತದೆ ಎಂದು ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳುತ್ತೀಯಂತೆ. ದಿನಕ್ಕೆ ಹತ್ತು ತಾಸು ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವವರಿಗೆ ಅದು ತಪ್ಪಿದ್ದಲ್ಲ, ಆದರೂ ಕಾಲಿಗೆ ಅಗ್ಗದ ಚಪ್ಪಲಿ ಹಾಕಬೇಡ. ನಿನ್ನ ಸಮಾಚಾರವೆಲ್ಲ ನನಗೆ ಬರುತ್ತದೆ. ಎರಡು ತಿಂಗಳಿಗೊಮ್ಮೆ ನಿನ್ನವ್ವ ಮಲ್ಲಾಬಾಯಿ ಶಹಾಪುರಕ್ಕೆ ಬಂದು ಹೋದಳೆಂದರೆ, ಮರುದಿನ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಗೋಡೆಗೆ ಹೇಳುತ್ತಾಳೆ. “ಆಕಿಗಿ ಹೊಸಾ ರೂಟ್ ಕೊಟ್ಟಾರಂತ.” “ಆಕಿ ಭಾಳ ಸೊರಗ್ಯಾಳ.” ನಾನು ಪೇಪರು ಓದುತ್ತ, ಗೋಡೆಗೆ ಹೇಳಿದ್ದನ್ನು ಕೇಳಿಸಿಕೊಳ್ಳುತ್ತೇನೆ. ಹೀಗೆ ಏಳು ವರ್ಷ ನಡೆದಿದೆ, ಗೋಡೆಗೂ ಅಭ್ಯಾಸವಾಗಿದೆ. ನಾವಿಬ್ಬರೂ ಇಲ್ಲಿ ಕ್ಷೇಮ. ನನಗೆ ಸಕ್ಕರೆ ಸ್ವಲ್ಪ ಏರಿದೆ, ಚಹಾ ಬಿಟ್ಟಿಲ್ಲ. ನಿನ್ನವ್ವನ ಎಡಗಣ್ಣಿಗೆ ಪೊರೆ ಬಂದಿದೆ, ಬೇಸಿಗೆಯಲ್ಲಿ ತೆಗೆಸಬೇಕು.

ಇಷ್ಟು ವರ್ಷದ ಮೇಲೆ ಅಪ್ಪನ ಕಾಗದ ಬಂತೆಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಇದರೊಳಗೆ ಒಂದು ನೋಟೀಸು ಇದೆ. ಅದು ಸರಕಾರದ್ದು. ಅದೊಂದನ್ನೇ ಕಳಿಸಿದ್ದರೂ ನಡೆಯುತ್ತಿತ್ತು, ಆದರೆ ಬರೀ ನೋಟೀಸು ಕಳಿಸುವುದು ಸರಿ ಕಾಣಲಿಲ್ಲ. ಹಬ್ಬದ ದಿನ ಖಾಲಿ ಬುತ್ತಿ ಕಳಿಸಿದ ಹಾಗೆ ಆಗುತ್ತದೆ. ಅದಕ್ಕೇ ಈ ಹಾಳೆಗಳು.

ಮೊದಲು ಊರಿನ ಸುದ್ದಿ. ನಮ್ಮ ಕ್ಷೇತ್ರಕ್ಕೆ ಉಪಚುನಾವಣೆ ಬಂದು ಹೋದದ್ದು ನಿನಗೆ ಗೊತ್ತೇ ಇದೆ. ಇದ್ದ ಶಾಸಕರು ರಾಜೀನಾಮೆ ಕೊಟ್ಟರು, ಯಾಕೆ ಕೊಟ್ಟರೆಂಬುದು ಅವರಿಗೂ ಪೂರಾ ಗೊತ್ತಿದ್ದಂತೆ ಕಾಣಲಿಲ್ಲ. ಸಾರ್ವತ್ರಿಕ ಚುನಾವಣೆಯಲ್ಲಿ ನಮ್ಮನ್ನು ಕೇಳುವವರು ಕಡಿಮೆ. ಉಪಚುನಾವಣೆಯೆಂದರೆ ಬೀಗರ ಮನೆಯಲ್ಲಿ ಒಬ್ಬನೇ ಅಳಿಯ ಇದ್ದ ಹಾಗೆ, ಉಪಚಾರವೆಲ್ಲ ಅವನಿಗೇ. ಇಡೀ ರಾಜ್ಯದ ಮಂತ್ರಿಗಳು ತಿಂಗಳುಗಟ್ಟಲೆ ಇಲ್ಲೇ ಠಿಕಾಣಿ ಹೂಡಿದ್ದರು. ಕಂಡು ಕೇಳರಿಯದ ಜಿಲ್ಲೆಗಳ ನಂಬರಿನ ಗಾಡಿಗಳು ವಾರದ ಸಂತೆಯ ಬಯಲಲ್ಲಿ ನಿಂತು, ಉಳ್ಳಾಗಡ್ಡಿ ಮಾರುವವರು ಗಟಾರದ ದಂಡೆಗೆ ಸರಿಯಬೇಕಾಯಿತು. ಹನ್ನೊಂದು ವರ್ಷದಿಂದ ಉರಿಯದ ನಮ್ಮ ಓಣಿಯ ದೀಪ ಒಂದು ಸಂಜೆ ಉರಿಯಿತು, ಎಣಿಕೆಯ ಮರುದಿನ ಮತ್ತೆ ಆರಿತು. ರಸ್ತೆಗೆ ಕೆಂಪು ಮಣ್ಣು ಹಾಕಿದರು, ಅದೂ ಮಂತ್ರಿಗಳು ಹಾಯುವಷ್ಟು ಉದ್ದ ಮಾತ್ರ. ಹೊಲದಲ್ಲಿ ಹತ್ತಿ ಒಡೆದು ನಿಂತಿತ್ತು, ಬಿಡಿಸಲು ಒಬ್ಬ ಹೆಣ್ಣಾಳೂ ಸಿಗಲಿಲ್ಲ, ಎಲ್ಲರೂ ಮೆರವಣಿಗೆಯಲ್ಲಿ. ಹತ್ತಿಯವರು ಬಾಯಿಗೆ ಬಂದಂತೆ ಬೈದರು, ಸಂಜೆ ತಾವೂ ಮೆರವಣಿಗೆಗೆ ಹೋದರು.

ನನಗೆ ಇದರಲ್ಲಿ ಯಾವ ಪಕ್ಷದ ಚಿಂತೆಯೂ ಇರಲಿಲ್ಲ. ನನ್ನ ಕೆಲಸ ಪಟ್ಟಿಯದು. ಶಾಲೆಯ ಕೆಲಸದ ಜೊತೆಗೆ ನಮ್ಮ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವುದನ್ನು ಹನ್ನೆರಡು ವರ್ಷದ ಹಿಂದೆ ನನ್ನ ತಲೆಗೆ ಕಟ್ಟಿದರು, ಇನ್ನೂ ಬಿಚ್ಚಿಲ್ಲ. ಹದಿನೆಂಟು ತುಂಬಿದವರನ್ನು ಸೇರಿಸಬೇಕು, ತೀರಿಕೊಂಡವರನ್ನು ತೆಗೆಯಬೇಕು, ಊರು ಬಿಟ್ಟವರಿಗೆ ಗುರುತು ಹಾಕಬೇಕು. ಬರುವ ಮೇ ತಿಂಗಳಲ್ಲಿ ನನ್ನ ನಿವೃತ್ತಿ, ಪಟ್ಟಿ ಇನ್ನೊಬ್ಬರ ಕೈಗೆ ಹೋಗುತ್ತದೆ. ಅದರಲ್ಲಿ ಒಂಬೈನೂರ ಅರವತ್ತೆಂಟು ಹೆಸರಿವೆ. ನಾನೂರ ಹತ್ತು ನಾನು, ನಾನೂರ ಹನ್ನೊಂದು ನಿನ್ನವ್ವ, ನಾನೂರ ಹನ್ನೆರಡು ನೀನು.

ಹೌದು, ಇನ್ನೂ ಇದ್ದೀಯ. ಏಳು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ನಾನು ಅಂದದ್ದು ನೀನು ಮರೆತಿರಲಾರೆ. “ಪಟ್ಟ್ಯಾಗ ನಿನ್ನ ಹೆಸರೂ ಹೊಡದ್ ಹಾಕ್ತೀನಿ ನೋಡ” ಅಂದಿದ್ದೆ. ನೀನು ಅದನ್ನು ಹೇಳಿದ ಹಾಗೇ ತೆಗೆದುಕೊಂಡೆ. ನಡುವೆ ಮೂರು ಚುನಾವಣೆ ಬಂದವು, ಒಂದಕ್ಕೂ ಬರಲಿಲ್ಲ. ಆದರೆ ನಾನು ಹೊಡೆದಿರಲಿಲ್ಲ. ಪ್ರತಿ ವರ್ಷ ಪರಿಷ್ಕರಣೆ ಬಂದಾಗ ನಿನ್ನ ಹೆಸರಿನ ಮುಂದೆ “ನೌಕರಿ ನಿಮಿತ್ತ ಹೊರಗೆ, ಖಾಯಂ ವಿಳಾಸ ಇದೇ” ಎಂದು ಬರೆಯುತ್ತ ಬಂದೆ. ನನ್ನ ಮೇಲ್ವಿಚಾರಕ ಜಗದೇವಪ್ಪ ಒಳ್ಳೆಯ ಮನುಷ್ಯ, ಆದರೆ ಕಣ್ಣು ಹದ್ದಿನದು. ಈ ಸಲ ಸುರಪುರದ ಸಭೆಯಲ್ಲಿ ಪಟ್ಟಿ ಬಿಡಿಸಿ, “ಮಾಸ್ತರ್, ಈ ಒಂದ್ ಹೆಸರ ಯಾಕ ಉಳಿಸ್ಕೋತ ಹೊಂಟೀರಿ? ಆಕಿ ಶಹಾಪುರದಾಗ ಇರ್ತಾಳಲ್ರಿ” ಅಂದ. ನೋಟೀಸು ಕೊಡದೆ ಯಾರ ಹೆಸರನ್ನೂ ತೆಗೆಯಲು ಬರುವುದಿಲ್ಲ ಎಂದೆ. “ಹಂಗಂದ್ರ ನೋಟೀಸ್ ಕೊಡ್ರಿ. ನಾಳಿ ಯಾರರ ಆ ಹೆಸರ್ಲೆ ಕಳ್ಳ ಓಟ್ ಹಾಕಿದ್ರ, ಹಿಂದ ಆದಂಗ ನಿಮ್ಮ ಕೊರಳಿಗೇ ಬರ್ತದ ನೋಡ್ರಿ” ಅಂದ. ಹಿಂದೆ ಆದದ್ದು ಅಂದಾಗ ಸಭೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಗದ ನೋಡಿಕೊಂಡರು. ನೋಟೀಸು ಕೊಡುವುದೆಂದರೆ ನಿನಗೆ ನಾಲ್ಕು ಅಕ್ಷರ ಬರೆಯುವುದು. ಅದು ನನ್ನಿಂದ ಏಳು ವರ್ಷ ಆಗಲಿಲ್ಲ.

ಹಿಂದೆ ಆದದ್ದನ್ನು ನಾನೇ ಒಮ್ಮೆ ಬರೆದುಬಿಡುತ್ತೇನೆ. ನನ್ನ ಅವ್ವ, ನಿನ್ನ ಆಯಿ ಕರೆಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಊರಿನ ಸತ್ತವರನ್ನೆಲ್ಲ ಪಟ್ಟಿಯಿಂದ ತೆಗೆದ ನನಗೆ ಅವಳ ಹೆಸರು ತೆಗೆಯಲು ಆಗಲಿಲ್ಲ. ಫಾರಂ ತುಂಬಿದ್ದೆ, ಸಹಿಯನ್ನೂ ಮಾಡಿದ್ದೆ, ಟ್ರಂಕಿನಲ್ಲಿ ಅವಳ ಸೀರೆಯ ಕೆಳಗೆ ಇಟ್ಟಿದ್ದೆ. ಚುನಾವಣೆಗೆ ಅವಳ ಹೆಸರಿನ ಚೀಟಿಯೂ ಅಚ್ಚಾಗಿ ಬಂತು. ಅಂದು ನಿನ್ನ ಮೊದಲ ಓಟು, ಹಸಿರು ಚೂಡಿದಾರ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದೆ. ನಿನ್ನ ಮುಂದೆ ನಿಂತವಳು ಪಕ್ಕದ ಓಣಿಯ ದಾವಲಬೀ, ಆಯಿಯ ಗೆಳತಿ, ಇಬ್ಬರೂ ಒಂದೇ ತಟ್ಟೆಯ ಎಲೆ ಅಡಿಕೆ ಮೆದ್ದವರು. ಅವಳ ಕೈಯಲ್ಲಿ ಆಯಿಯ ಚೀಟಿ ಇತ್ತು. ಚೀಟಿಯ ಫೋಟೋದಲ್ಲಿ ಮುದುಕಿಯರೆಲ್ಲ ಒಂದೇ ಥರ ಕಾಣುತ್ತಾರೆ, ಸಿಬ್ಬಂದಿ ಗಮನಿಸಲಿಲ್ಲ. “ಕರೆಮ್ಮ, ಗಂಡ ಹಣಮಂತ್ರಾಯ” ಎಂದು ಗಟ್ಟಿಯಾಗಿ ಓದಿದರು. ದಾವಲಬೀ “ಹೂಂ ರೀ” ಅಂದಳು. ನೀನು ಹಿಂದಿನಿಂದ “ಕರೆಮ್ಮ ನಮ್ಮ ಆಯಿ ರೀ, ಆಕಿ ಸತ್ತು ಎರಡು ವರ್ಷ ಆತು” ಅಂದುಬಿಟ್ಟೆ.

ಮುಂದಿನದು ನಿನಗೆ ಗೊತ್ತು. ಪಕ್ಷದ ಏಜೆಂಟರ ಕೂಗಾಟ, ಪೊಲೀಸರು, ಒಂದು ತಾಸು ಮತದಾನ ನಿಂತಿತು. ದಾವಲಬೀ ಚೀಟಿ ದಾರಿಯಲ್ಲಿ ಬಿದ್ದಿತ್ತೆಂದಳು. ಮುದುಕಿಯೆಂದು ಬರೀ ಬೈದು ಬಿಟ್ಟುಕಳಿಸಿದರು. ಸತ್ತವರ ಹೆಸರು ಉಳಿಸಿದ್ದಕ್ಕೆ, ಚೀಟಿ ಕಳೆದದ್ದಕ್ಕೆ ನನ್ನ ಮೇಲೆ ತನಿಖೆಯಾಯಿತು. ಚೀಟಿ ಹೊರಗೆ ಹೋದದ್ದು ಹೇಗೆ ಎಂದು ಕೇಳಿದರು, ಗೊತ್ತಿಲ್ಲ ಎಂದು ಬರೆದುಕೊಟ್ಟೆ. ನೌಕರಿಯ ಪುಸ್ತಕದಲ್ಲಿ ಕೆಂಪು ಶಾಯಿಯ ಎರಡು ಸಾಲು ಸೇರಿದವು. ಆ ಗದ್ದಲದಲ್ಲಿ ನೀನು ಓಟು ಹಾಕದೆ ಮನೆಗೆ ಬಂದೆ, ಸಂಜೆ ನಾನು ಆ ಮಾತು ಅಂದೆ, ಎಂಟು ದಿನಕ್ಕೆ ನೀನು ಶಹಾಪುರದ ಚಿಕ್ಕಮ್ಮನ ಮನೆ ಸೇರಿದೆ. ಆಮೇಲೆ ನೌಕರಿ ಹತ್ತಿತು. ಬಾ ಎಂದು ನಿನ್ನವ್ವ ಕರೆದಾಗಲೆಲ್ಲ ನೀನು ಒಂದೇ ಮಾತು ಹೇಳುತ್ತೀಯಂತೆ: “ತಪ್ಪಿಲ್ಲದ ಅಪ್ಪನ ನೌಕರಿಗಿ ಕಲಿ ಹಚ್ಚಿದಾಕಿ ನಾ. ಯಾವ ಮಾರಿ ತಗೊಂಡ್ ಬರ್ಲಿ?” ಇದನ್ನೂ ಗೋಡೆಯೇ ನನಗೆ ಹೇಳಿತು.

ಈಗ ಈ ಸಲದ್ದು. ಮತದಾನಕ್ಕೆ ವಾರ ಮೊದಲು ಮನೆಮನೆಗೆ ಚೀಟಿ ಹಂಚಿದೆ. ಮತದಾರರು ಇರದಿದ್ದರೆ ಮನೆಯ ವಯಸ್ಕರೊಬ್ಬರಿಗೆ ಕೊಟ್ಟು ಸಹಿ ಪಡೆಯಬಹುದು, ಯಾರೂ ಇರದಿದ್ದರೆ ಚೀಟಿ ವಾಪಸು ಕಟ್ಟಿಡಬೇಕು. ನಮ್ಮ ಮನೆಗೆ ಬಂದಾಗಲೂ ನಾನು ಹೊರಗೇ ನಿಂತು ಬಾಗಿಲು ಬಡಿದೆ. ನಿನ್ನವ್ವ ಹಿಟ್ಟಿನ ಕೈಯಲ್ಲೇ ಬಂದು, “ಬಾಗಲಾ ತೆರದೇ ಅದ. ಹುಚ್ಚ್ ಹಿಡದದೇನು?” ಅಂದಳು. ಮೂರು ಚೀಟಿ ಇವೆ, ಮೂರಕ್ಕೂ ಸಹಿ ಬೇಕು ಎಂದೆ. ಮೂರನೆಯದನ್ನು ಆಕೆ ಬೆಳಕಿಗೆ ಹಿಡಿದು, ಒಂದೇ ಕಣ್ಣಿನಿಂದ ನಿನ್ನ ಹೆಸರನ್ನು ಬಹಳ ಹೊತ್ತು ನೋಡಿದಳು. ಆಕೆಗೂ ಅಲ್ಲಿಯವರೆಗೆ ನಿನ್ನ ಹೆಸರು ಇದೆಯೆಂದು ಗೊತ್ತಿರಲಿಲ್ಲ. ಏನೂ ಕೇಳದೆ ಸಹಿ ಮಾಡಿದಳು, ಹಾಳೆಗೆ ಹಿಟ್ಟು ಹತ್ತಿತು. ಮರುದಿನ ಬೆಳಿಗ್ಗೆ ಶೇಂಗಾ ಹೋಳಿಗೆಯ ಡಬ್ಬಿ ಕಟ್ಟಿಕೊಂಡು ಶಹಾಪುರದ ಬಸ್ಸು ಹತ್ತಿದಳು. ಡಬ್ಬಿಯಲ್ಲಿ ಹೋಳಿಗೆಯಷ್ಟೇ ಇದೆಯೇ ಎಂದು ನಾನೂ ಕೇಳಲಿಲ್ಲ.

ಮತದಾನದ ದಿನ ಬೆಳಿಗ್ಗೆ ಏಳಕ್ಕೆ ಮೊದಲೇ ಶಾಲೆಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ನಾವು ಒಳಗೆ ಹೋಗುವಂತಿಲ್ಲ, ಹೊರಗೆ ಕೂತು ಜನರಿಗೆ ಅವರ ಕ್ರಮಸಂಖ್ಯೆ ಹುಡುಕಿಕೊಡಬೇಕು. ಊರಲ್ಲಿಲ್ಲದವರ ಬೇರೆ ಪಟ್ಟಿಯೊಂದನ್ನು ಒಳಗಿನ ಅಧಿಕಾರಿಗೆ ಕೊಟ್ಟಿರುತ್ತೇವೆ. ಅದರಲ್ಲಿದ್ದವರು ಬಂದರೆ ಚೆನ್ನಾಗಿ ಪರೀಕ್ಷಿಸಿಯೇ ಬಿಡುತ್ತಾರೆ. ಆ ಪಟ್ಟಿಯಲ್ಲಿ ನಾನು ನಾನೂರ ಹನ್ನೆರಡನ್ನು ಬರೆದಿರಲಿಲ್ಲ. ಬರೆಯಬೇಕಿತ್ತು. ಬೆಳಗಿನಿಂದ ಶಹಾಪುರದ ಕಡೆಯಿಂದ ಬಂದ ಪ್ರತಿ ಬಸ್ಸನ್ನೂ ನೋಡುತ್ತ ಕೂತಿದ್ದೆ ಎಂಬುದನ್ನೂ ಬರೆದಿಡುತ್ತೇನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದೂಕಾಲರ ಸುಮಾರಿಗೆ ಲಕ್ವ ಹೊಡೆದ ಭಾಗಣ್ಣ ಗಾಲಿಕುರ್ಚಿ ಬೇಕೆಂದು ಹೇಳಿಕಳಿಸಿದ. ಅದನ್ನು ಒಯ್ಯುವುದೂ ನನ್ನ ಕೆಲಸವೇ. ಆ ಕುರ್ಚಿಯ ಒಂದು ಗಾಲಿ ಎಡಕ್ಕೇ ಎಳೆಯುತ್ತದೆ, ಭಾಗಣ್ಣ ಬಾಯಿ ಮಾತ್ರ ನೆಟ್ಟಗಿರುವ ಮನುಷ್ಯ, ದಾರಿಯುದ್ದಕ್ಕೂ ಎರಡೂ ಪಕ್ಷಗಳಿಗೆ ಬೈದ. ಅವನನ್ನು ಕರೆತರುವಷ್ಟರಲ್ಲಿ ಎರಡೂಕಾಲು ಆಗಿತ್ತು.

ಬಂದು ಕೂತು ಕನ್ನಡಕ ಹುಡುಕಿದರೆ ಸಿಗಲಿಲ್ಲ. ಪಟ್ಟಿಯ ಮೇಲೆ ಬಿಚ್ಚಿಟ್ಟು ಹೋಗಿದ್ದೆ. ನೋಡಿದರೆ ಅದನ್ನು ಯಾರೋ ಒರೆಸಿ, ಮಡಚಿ ಡಬ್ಬಿಯಲ್ಲಿಟ್ಟಿದ್ದರು. ಕಾವಲಿಗಿದ್ದ ಹೋಮ್‌ಗಾರ್ಡ್ ಇಟ್ಟಿರಬೇಕೆಂದುಕೊಂಡೆ. ಅಷ್ಟರಲ್ಲಿ ಏಜೆಂಟನೊಬ್ಬ ಚಹಾ ಕುಡಿಯಲು ಹೊರಗೆ ಬಂದವನು, “ಮಾಸ್ತರ್, ನಿಮ್ಮ ಮನೀವು ಮೂರೂ ಆದ್ವು ನೋಡ್ರಿ. ಹತ್ತು, ಹನ್ನೊಂದು, ಹನ್ನೆರಡು” ಎಂದು ಹೇಳಿ ಹೋದ. ನಾನು ಬೆಳಿಗ್ಗೆಯೇ ಹಾಕಿದ್ದೆ, ನಿನ್ನವ್ವ ಒಂಬತ್ತಕ್ಕೆ ಹಾಕಿದ್ದಳು. ಹನ್ನೆರಡು ಹೇಗಾಯಿತು?

ಎರಡೇ ದಾರಿ ಇದ್ದವು. ನಿನ್ನ ಹೆಸರಿನಲ್ಲಿ ಯಾರೋ ಕಳ್ಳ ಓಟು ಹಾಕಿರಬೇಕು. ಹಾಗಾದರೆ ಜಗದೇವಪ್ಪ ಹೇಳಿದಂತೆ ನಿವೃತ್ತಿಗೆ ಆರು ತಿಂಗಳಿರುವಾಗ ನನ್ನ ಕಥೆ ಮುಗಿಯಿತು. ಇಲ್ಲವೆಂದರೆ ನೀನೇ ಬಂದಿರಬೇಕು, ಬಂದು ನಮಗೆ ಮುಖ ತೋರಿಸದೆ ಹೋಗಿರಬೇಕು. ಎರಡರಲ್ಲಿ ಯಾವುದು ಆಗಿರಲಿ ಎಂದು ನಾನು ಬೇಡಿಕೊಂಡೆನೋ ನನಗೇ ತಿಳಿಯಲಿಲ್ಲ. ಸುಮ್ಮನೆ ಕೂತರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅರ್ಧ ತಾಸು ಸುಮ್ಮನೆ ಕೂತೆ ಕೂಡ. ಆಮೇಲೆ ಎದ್ದು ಮತಗಟ್ಟೆಯ ಬಾಗಿಲಿಗೆ ಹೋಗಿ ಅಧಿಕಾರಿಯನ್ನು ಹೊರಗೆ ಕರೆದೆ. ಗುರುಮಠಕಲ್ ಕಡೆಯ ಹೆಣ್ಣುಮಗಳು, ಹೈಸ್ಕೂಲು ಶಿಕ್ಷಕಿ. ನಾನೂರ ಹನ್ನೆರಡು ನನ್ನ ಮಗಳು, ಊರಲ್ಲಿರುವುದಿಲ್ಲ, ಗೈರು ಪಟ್ಟಿಯಲ್ಲಿ ಬರೆಯದೆ ಬಿಟ್ಟಿದ್ದೇನೆ, ತಪ್ಪು ನನ್ನದು, ಪರೀಕ್ಷಿಸಿ ಎಂದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿ, ಒಳಗೆ ಹೋಗಿ ರಿಜಿಸ್ಟರ್ ತಿರುವಿ, ಬಂದರು. “ನಿಮ್ಮ ಮಗಳು ಕಂಡಕ್ಟರ್ ಏನ್ರಿ?” ಎಂದರು. ನಾನು ಹೌದೆಂದೆ. “ಖಾಕಿ ಅಂಗಿ ಮ್ಯಾಲೇ ಬಂದಿದ್ರು, ನೌಕರಿ ಕಾರ್ಡ್ ತೋರ್ಸ್ಯಾರ, ಸಹಿ ಮಾಡ್ಯಾರ. ಎಲ್ಲಾ ಬರೋಬ್ಬರಿ ಅದ. ಆದ್ರ ಸಾಲಿನ್ಯಾಗ ನಿಂತವರಿಗೆಲ್ಲಾ ‘ಒಳಗ ಸರೀರಿ, ಒಳಗ ಸರೀರಿ, ಜಾಗಾ ಅದ’ ಅಂತಿದ್ರು ನೋಡ್ರಿ, ನಮ್ಮ ಪೊಲೀಸಪ್ಪಗ ಕೆಲಸಾನೇ ಇಲ್ಲದಂಗಾತು.”

ನಾನು ನಕ್ಕೆ. ಮರದ ಕೆಳಗೆ ಬಂದು ಕೂತ ಮೇಲೆ ಕನ್ನಡಕದ ಡಬ್ಬಿ ನೋಡಿ ಅಳು ಬಂತು. ಸಣ್ಣವಳಿದ್ದಾಗಿನಿಂದ ನನ್ನ ಕನ್ನಡಕ ಬಿದ್ದಲ್ಲಿಂದ ಎತ್ತಿ, ಲಂಗದ ಅಂಚಿನಿಂದ ಒರೆಸಿ ಡಬ್ಬಿಗೆ ಹಾಕುತ್ತಿದ್ದವಳು ನೀನು. ಅಷ್ಟು ಹತ್ತಿರ ಬಂದಿದ್ದೆಯಲ್ಲ ದಾನಮ್ಮಾ. ನಾನು ಬರುವ ತನಕ ಹತ್ತು ನಿಮಿಷ ನಿಲ್ಲಲಿಲ್ಲ. ನಿನ್ನ ಬಸ್ಸಿಗೆ ಹೊತ್ತಾಗಿತ್ತು ಅಂದುಕೊಂಡಿದ್ದೇನೆ. ಎಡಗೈ ಬೆರಳಿನ ಶಾಯಿ ಇನ್ನೂ ಇರಬೇಕು. ಶಹಾಪುರದಲ್ಲಿ ಚುನಾವಣೆ ಇರಲಿಲ್ಲವಾದ್ದರಿಂದ ಅಲ್ಲಿ ನಿನ್ನದೊಂದೇ ಕರಿ ಬೆರಳು, ಟಿಕೆಟ್ ಕೊಡುವಾಗ ಜನ ಯಾವ ಊರವ್ವಾ ನಿನ್ನದು ಎಂದು ಕೇಳಿರಬೇಕು. ಏನು ಹೇಳಿದೆ?

ಶುಕ್ರವಾರ ಯಾದಗಿರಿಯಲ್ಲಿ ಎಣಿಕೆಯಾಯಿತು. ಗೆದ್ದವರು ಗುಲಾಲು ಹಾರಿಸಿದರು, ಸೋತವರು ಯಂತ್ರಕ್ಕೆ ಬೈದರು. ನಮ್ಮ ಮತಗಟ್ಟೆಯಲ್ಲಿ ಏಳುನೂರ ಮೂವತ್ತೊಂದು ಓಟು ಬಿದ್ದಿವೆ, ಒಂದರ ಮೇಲೂ ತಕರಾರಿಲ್ಲ. ಹತ್ತಿ ಬಿಡಿಸಲು ಆಳು ಸಿಗುತ್ತಿದ್ದಾರೆ. ನಿನ್ನೆ ಜಗದೇವಪ್ಪ ಬಂದು, ಓಟು ಹಾಕಿದರೂ ನೋಟೀಸು ತಪ್ಪಿದ್ದಲ್ಲ, ಕಾಗದ ಸರಿ ಇರಬೇಕು ಎಂದ. ಅವನು ಹೇಳುವುದು ಸರಿ. ಅದನ್ನೇ ಇದರೊಳಗೆ ಇಟ್ಟಿದ್ದೇನೆ. ಏಳು ದಿನದೊಳಗೆ ನೀನು ಖುದ್ದಾಗಿ ನನ್ನ ಮುಂದೆ ಹಾಜರಾಗಿ, ಈ ಮನೆ ನಿನ್ನ ಖಾಯಂ ವಿಳಾಸ ಹೌದೋ ಅಲ್ಲವೋ ಹೇಳಬೇಕು. ಅಲ್ಲವೆಂದರೆ ಹೆಸರು ಶಹಾಪುರದ ಪಟ್ಟಿಗೆ ಹೋಗುತ್ತದೆ. ಬಾರದಿದ್ದರೂ ಹೋಗುತ್ತದೆ. ಮುಂದೆ ಪಟ್ಟಿ ನೋಡಿಕೊಳ್ಳಲು ಬರುವ ಬಿಎಲ್‌ಓ ನನ್ನ ಹಾಗೆ ಬರೆಯುತ್ತ ಕೂಡುವವನಲ್ಲ.

ನಿನ್ನ ಚಿಕ್ಕಮ್ಮನಿಗೆ, ಅವಳ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಚಲಿಸುವ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಬೇಡ. ನಿನ್ನ ಕೈಕಾಲು ಗಟ್ಟಿಯಿರಲಿ, ಹೋದ ದಾರಿಯಲ್ಲೆಲ್ಲ ನಿನಗೆ ಒಳ್ಳೆಯದಾಗಲಿ.

ಇಂತಿ ನಿನ್ನ ಅಪ್ಪ,
ಮರಿಲಿಂಗ
(ಕ್ರಮಸಂಖ್ಯೆ 410)

ತಾ.ಕ.: ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಗದವನ್ನು ಶಹಾಪುರದ ಬಸ್ಸಿನ ಡ್ರೈವರ್ ಸುಲ್ತಾನಸಾಬನ ಕೈಯಲ್ಲಿ ಕೊಡುತ್ತಿದ್ದೇನೆ, ಅವನು ಆಗಲೇ ಗಾಡಿ ಚಾಲೂ ಮಾಡಿದ್ದಾನೆ. ಇಷ್ಟು ಹಾಳೆ ಬರೆದೆ, ಬರೆಯಬೇಕಾದ್ದು ಬರೆಯಲಿಲ್ಲ. ಆಯಿಯ ಚೀಟಿ ದಾರಿಯಲ್ಲಿ ಬಿದ್ದಿರಲಿಲ್ಲ. ಆ ವರ್ಷ ದಾವಲಬೀಯ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು, ಅದೂ ನನ್ನ ಕೈತಪ್ಪು. “ನಾ ಇನ್ನಾ ಸತ್ತಿಲ್ಲೋ ಮರಿಲಿಂಗಾ” ಎಂದು ಬಂದು ಅತ್ತಳು. ನಾನೇ ಆಯಿಯ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಅವಳಿಗೊಂದು ಓಟು ಸಿಗಲಿ ಎಂದು ಅರ್ಧ. ಒಳಗೆ ಒಮ್ಮೆ ನನ್ನ ಅವ್ವನ ಹೆಸರು ಕೂಗಲಿ, ಯಾರಾದರೂ ಹೂಂ ಅನ್ನಲಿ ಎಂದು ಅರ್ಧ. ಅದನ್ನು ಕೇಳಲು ಕಿಟಕಿಯ ಹೊರಗೆ ನಿಂತಿದ್ದೆ, ಕೇಳಿದೆ, ಅದರ ಬೆನ್ನಿಗೇ ನಿನ್ನ ದನಿ ಕೇಳಿದೆ. ನೀನು ಹೇಳಿದ್ದು ಖರೇ ಇತ್ತು. ದಾವಲಬೀ ಹೋದ ವರ್ಷ ಸಾಯುವ ತನಕ ಬಾಯಿ ಬಿಡಲಿಲ್ಲ. ತಪ್ಪಿಲ್ಲದ ಅಪ್ಪನಿಗೆ ಕಲೆ ಹಚ್ಚಿದೆ ಎಂದು ನೀನು ಏಳು ವರ್ಷ ಹೊತ್ತೆ, ಅದು ಗೊತ್ತಿದ್ದೂ ನಾನು ಹೊರಿಸಿ ಸುಮ್ಮನಿದ್ದೆ. ಇದು ಮೇಲಿನವರ ಕೈ ಸೇರಿದರೆ ನನ್ನ ಪಿಂಚಣಿ ಹೋದೀತು. ತೋರಿಸಬೇಕೆನಿಸಿದರೆ ತೋರಿಸು, ಈ ಸಲ ನಾನು ಕೂಗಾಡುವುದಿಲ್ಲ. ಸುಲ್ತಾನಸಾಬ ಹಾರ್ನ್ ಹಾಕುತ್ತಿದ್ದಾನೆ. ನಿನ್ನವ್ವನಿಗೆ ಇದು ಇನ್ನೂ ಗೊತ್ತಿಲ್ಲ. ಆಕೆಯ ಹಾಗೆ ಗೋಡೆಗೆ ಹೇಳಲು ನನಗೆ ಬರುವುದಿಲ್ಲ. ನೀನು ಬಂದು ಪಕ್ಕದಲ್ಲಿ ನಿಂತರೆ ಹೇಳುತ್ತೇನೆ.